ಮೂರು ದಿನದ ಮುಯ್ಯಾಳು

ವಾರಕ್ಕೆ ಎರಡು ಸಲ ಸಾಲದು, ಇನ್ನು ಮೇಲೆ ಮೂರು ಸಲ ಡಯಾಲಿಸಿಸ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದು ಶನಿವಾರ. ಇನ್ನು ಮೇಲೆ ನಾನೂ ಅಂಗಡಿಗೆ ವಾರಕ್ಕೆ ಮೂರು ದಿನ ಹೋಗುತ್ತೇನೆ ಎಂದು ಮುನಿಕೃಷ್ಣಮ್ಮ ಹೇಳಿದ್ದು ಮಾರನೆಯ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಈ ಎರಡು ಮಾತುಗಳಿಗೆ ಇದ್ದ ನಂಟು ಶೆಟ್ಟಿಹಳ್ಳಿಯ ಆ ಮನೆಯಲ್ಲಿ ಅವಳೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ಸೊಸೆ ರಮಾ ಬಸ್ಸಾರು ಬಡಿಸುತ್ತಿದ್ದಳು. ಡಯಾಲಿಸಿಸ್ ಆಗುತ್ತಿದ್ದ ಮಾವ ಮುನಿವೆಂಕಟಯ್ಯನವರ ತಟ್ಟೆ ಬೇರೆ. ಅವರ ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಬಸಿದು, ಉಪ್ಪಿಲ್ಲದೆ ಒಗ್ಗರಣೆ ಹಾಕಬೇಕು. ಇಡೀ ದಿನಕ್ಕೆ ಅವರು ಕುಡಿಯಬಹುದಾದ ನೀರು ಒಂದು ತಂಬಿಗೆಯಲ್ಲಿ ಪಕ್ಕಕ್ಕೆ ಇರುತ್ತಿತ್ತು.

"ನಾಳೆಯಿಂದ ಸೋಮವಾರಾನೂ ಓಗ್ತೀನಿ ಕಣಮ್ಮ ಅಂಗಡಿಗೆ," ಎಂದಳು ಮುನಿಕೃಷ್ಣಮ್ಮ.

ರಮಾಳ ಕೈಯ ಸೌಟು ಅಲ್ಲೇ ನಿಂತಿತು. "ಸೋಮವಾರ ನೀರು ಬರೋ ದಿನ ಅತ್ತೆ."

"ಗೊತ್ತು."

"ಗೊತ್ತಿದ್ರೆ ಹಿಡಿಯೋರು ಯಾರು? ನಾನು ಎಂಟೂವರೆಗೆ ಸ್ಕೂಲ್ ಆಫೀಸಲ್ಲಿ ಕೂತಿರ್ಬೇಕು. ಇವರು ಬೆಳಗ್ಗೆ ಐದಕ್ಕೆ ಕ್ಯಾಬ್ ತಗೊಂಡು ಹೋದ್ರೆ ಬರೋದು ಸಂಜೆ. ನಂದಿತಾಗೆ ಕಾಲೇಜು. ಮಾವನ ಜೊತೆ ಮೂರು ದಿನ ಆಸ್ಪತ್ರೆ, ಇನ್ನು ಮೂರು ದಿನ ಅಂಗಡಿ. ವಾರದಲ್ಲಿ ಆರು ದಿನ ನೀವು ಮನೇಲಿರಲ್ಲ ಅಂತಾಯ್ತು."

"ಭಾನುವಾರ ಇರ್ತೀನಲ್ಲ."

ಮೊಮ್ಮಗಳು ನಂದಿತಾ ಕಿಸಕ್ಕನೆ ನಕ್ಕಳು. "ಅಜ್ಜಿಗೆ ವೀಕಾಫ್ ಒಂದೇ ದಿನ. ಅಪ್ಪನ ಕಂಪನಿಗಿಂತ ಸ್ಟ್ರಿಕ್ಟು."

"ನಗ್ಬೇಡ ನೀನು," ಎಂದು ಗದರಿದಳು ರಮಾ. "ಸಂಬಳ ಕೊಡ್ತಾರಾ? ಬಸ್ ಚಾರ್ಜಾದ್ರೂ? ಅದೂ ಇಲ್ಲ. ಯಾರೋ ಉಟ್ಟು ಬಿಟ್ಟ ಬಟ್ಟೆ ಮಡಚೋಕೆ ಶೆಟ್ಟಿಹಳ್ಳಿಯಿಂದ ಸಂಜಯನಗರಕ್ಕೆ ಹೋಗ್ಬೇಕು."

ಮಗ ಗೋಕುಲ್ ತಲೆಯೆತ್ತದೆ ಮುದ್ದೆ ಮುರಿಯುತ್ತಿದ್ದ. "ಬಿಡೇ, ಅಮ್ಮಂಗೂ ಬೇಜಾರು ಕಳೀಬೇಕು," ಎಂದ.

ಬೇಜಾರು ಕಳೆಯಲು ಅವಳು ಹೋಗುತ್ತಿರಲಿಲ್ಲ. ಆದರೆ ಮುನಿಕೃಷ್ಣಮ್ಮ ಅದನ್ನು ತಿದ್ದಲಿಲ್ಲ.

ಎಂಟು ತಿಂಗಳ ಹಿಂದೆ, ಹೆಬ್ಬಾಳದ ಡಯಾಲಿಸಿಸ್ ಕೇಂದ್ರಕ್ಕೆ ಗಂಡನನ್ನು ಕರೆದುಕೊಂಡು ಹೋದ ಮೊದಲ ದಿನವೇ ಗೋಡೆಯ ಮೇಲಿನ ಫಲಕವನ್ನು ನರ್ಸಮ್ಮನಿಂದ ಓದಿಸಿಕೊಂಡಿದ್ದಳು. ಸಂಜಯನಗರದಲ್ಲಿ ನಮ್ಮ ಟ್ರಸ್ಟಿನ ಹಳೆಯ ವಸ್ತುಗಳ ಅಂಗಡಿಯಿದೆ, ಅಲ್ಲಿ ನೀವು ಕೊಂಡ ಪ್ರತಿಯೊಂದು ವಸ್ತುವಿನ ಹಣದಿಂದ ಈ ಯಂತ್ರಗಳು ನಡೆಯುತ್ತವೆ, ಎಂದು ಅದರಲ್ಲಿ ಬರೆದಿತ್ತು. ಮಾರನೆಯ ದಿನವೇ ಬಸ್ಸು ಹತ್ತಿ ಅಂಗಡಿ ಹುಡುಕಿಕೊಂಡು ಹೋದಳು. ಹಳೆಯ ಮನೆಯೊಂದರ ಹಜಾರದಲ್ಲಿ ಸೀರೆ, ಷರ್ಟು, ಪಾತ್ರೆ, ಮಕ್ಕಳ ಪುಸ್ತಕ. ತನಗೆ ಬೇಡದ ಒಂದು ಸ್ಟೀಲ್ ಡಬ್ಬಿಯನ್ನು ಕೊಂಡಳು. ಡಬ್ಬಿ ಹಿಡಿದು ಬಾಗಿಲವರೆಗೆ ಬಂದವಳಿಗೆ ಸಮಾಧಾನವಾಗಲಿಲ್ಲ. ನಾಲ್ಕು ಗಂಟೆ ಹೊತ್ತು ಒಬ್ಬ ಮನುಷ್ಯನ ಮೈಯ ರಕ್ತವನ್ನೆಲ್ಲ ತೊಳೆದು ಕಳಿಸಿದವರಿಗೆ ಒಂದು ಡಬ್ಬಿಯೇ? ತಿರುಗಿ ಬಂದು, ಅಂಗಡಿ ನೋಡಿಕೊಳ್ಳುತ್ತಿದ್ದ ಅಮೀನಾ ಎಂಬುವರನ್ನು ಕೇಳಿದಳು: "ಕೆಲಸ ಏನಾದ್ರೂ ಇದ್ಯಾ ತಾಯಿ? ಸಂಬಳ ಬ್ಯಾಡ. ವಾರಕ್ಕೆ ಎರಡು ದಿನ ಬರ್ತೀನಿ."

ಎರಡೇ ದಿನ ಯಾಕೆ ಎಂದು ಅಮೀನಾ ಕೇಳಲಿಲ್ಲ. ಕೇಳಿದ್ದರೆ ಮುನಿಕೃಷ್ಣಮ್ಮ ಹೇಳುತ್ತಿದ್ದಳೋ ಏನೋ.

ಶೆಟ್ಟಿಹಳ್ಳಿ ಇನ್ನೂ ಊರಾಗಿದ್ದ ಕಾಲದಲ್ಲಿ, ಈಗ ಅಪಾರ್ಟ್‌ಮೆಂಟು ನಿಂತಿರುವ ಕಡೆ ರಾಗಿ ಹೊಲಗಳಿದ್ದವು. ಕುಯ್ಲು ಬಂದಾಗ ಕೂಲಿಗೆ ಜನ ಹಿಡಿಯುವ ಪದ್ಧತಿ ಕಡಿಮೆ. ಈ ಮನೆಯವರು ಆ ಮನೆಯ ಹೊಲದಲ್ಲಿ ಎಷ್ಟು ದಿನ ಕುಡುಗೋಲು ಹಿಡಿದರೋ, ಅಷ್ಟು ದಿನ ಆ ಮನೆಯವರು ಈ ಹೊಲಕ್ಕೆ ಬರಬೇಕು. ಕಾಸಿನ ಮಾತಿಲ್ಲ. ಬರೆದಿಡುವವರಿಲ್ಲ. ಮಧ್ಯಾಹ್ನದ ಊಟ ಮಾತ್ರ ಕೆಲಸ ಮಾಡಿಸಿಕೊಂಡವರ ಮನೆಯದು. ಅದಕ್ಕೆ ಮುಯ್ಯಾಳು ಎನ್ನುತ್ತಿದ್ದರು. ಹೊಲಗಳು ಹೋಗಿ ಮೂವತ್ತು ವರ್ಷವಾಗಿದ್ದರೂ ಮುನಿಕೃಷ್ಣಮ್ಮನ ಮೈಯೊಳಗಿನ ಆ ಲೆಕ್ಕ ಹೋಗಿರಲಿಲ್ಲ. ಅವರು ಎರಡು ದಿನ ನಮಗೆ ಮಾಡಿದರೆ ನಾವು ಎರಡು ದಿನ ಅವರಿಗೆ. ಅವರು ಮೂರು ಎಂದರೆ ನಾವೂ ಮೂರು. ಒಂದು ದಿನ ತಪ್ಪಿದರೆ ಆ ಕಡೆಯಿಂದಲೂ ಒಂದು ದಿನ ತಪ್ಪೀತು ಎಂಬುದೇ ಅವಳ ಹೆದರಿಕೆ.

ಹಾಗಾಗಿ ಸೋಮವಾರ ಮುನೇಶ್ವರನ ಪಟಕ್ಕೆ ದೀಪ ಹಚ್ಚಿ, ಗಂಡನಿಗೆ ಇಡ್ಲಿ ಕೊಟ್ಟು, ಸೆರಗು ಬಿಗಿದು ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅವಳ ಕೆಲಸ ಸೀರೆಗಳದ್ದು. ಜನ ತಂದುಕೊಟ್ಟ ಪ್ರತಿ ಸೀರೆಯನ್ನೂ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನಿಂದ ಅಂಚಿಗೆ ಕಣ್ಣು ಹಾಯಿಸುತ್ತಾಳೆ. ತೂತಿದ್ದರೆ ಬೆಳಕು ತೋರಿಸಿಕೊಡುತ್ತದೆ. ಚೆನ್ನಾಗಿರುವುದು ಒಂದು ಕಡೆ, ಹೊಲಿಗೆ ಹಾಕಬಹುದಾದ್ದು ಇನ್ನೊಂದು ಕಡೆ, ಒರೆಸುವ ಬಟ್ಟೆಗೆ ಆಗುವುದು ಚೀಲಕ್ಕೆ. ಒಂದು ಗಂಟೆಗೆ ಅಮೀನಾ ಡಬ್ಬಿ ತೆಗೆದರೆ ಮುನಿಕೃಷ್ಣಮ್ಮ ಸಂಕೋಚವಿಲ್ಲದೆ ಎದುರು ಕೂರುತ್ತಾಳೆ. ಮನೆಯಿಂದ ಬುತ್ತಿ ಒಯ್ಯುವುದಿಲ್ಲ. ಆಳಿಗೆ ಊಟ ಹಾಕುವುದು ಕೆಲಸ ಕೊಟ್ಟವರ ಧರ್ಮ.

ಅತ್ತ ಶೆಟ್ಟಿಹಳ್ಳಿಯಲ್ಲಿ ಹತ್ತು ಗಂಟೆಗೆ ನಲ್ಲಿಯಲ್ಲಿ ನೀರು ಬಂತು. ಸಂಪಿನ ವಾಲ್ ತಿರುಗಿಸುವವರಿಲ್ಲದೆ ಹನ್ನೊಂದೂವರೆಗೆ ನಿಂತುಹೋಯಿತು.

ನಾಲ್ಕು ಗಂಟೆಗೆ ರಮಾ ಬಂದು ಕೈ ತೊಳೆಯಲು ನಲ್ಲಿ ತಿರುಗಿಸಿದಳು. ಗಾಳಿ ಬಂತು. ಟ್ಯಾಂಕರಿನವನಿಗೆ ಫೋನು ಮಾಡಿದರೆ ನಾಳೆ ಸಂಜೆಗೆ ಎಂದ. ಬಾಡಿಗೆಯವರು ಮಹಡಿಯಿಂದ ಬಗ್ಗಿ, "ಏನ್ ಮೇಡಂ, ನೀರಿಲ್ವಾ?" ಎಂದು ಕೇಳಿ ಹೋದರು. ಆರು ಗಂಟೆಗೆ ಮುನಿಕೃಷ್ಣಮ್ಮ ಚಪ್ಪಲಿ ಬಿಡುವಾಗ ರಮಾ ಅಡುಗೆಮನೆಯಲ್ಲಿ ಸಿಂಕಿನ ತುಂಬ ಪಾತ್ರೆ ಇಟ್ಟುಕೊಂಡು ನಿಂತಿದ್ದಳು. ಗೋಕುಲ್ ಆಗ ತಾನೆ ಬಂದು ಷೂ ಬಿಚ್ಚುತ್ತಿದ್ದ.

"ಬನ್ನಿ ಅತ್ತೆ. ಊರಿಗೆಲ್ಲ ಉಪಕಾರ ಆಯ್ತಾ?"

"ಕೈಕಾಲು ತೊಳ್ಕೊಂಡು ಬರ್ತೀನಿ, ಇರು."

"ಯಾವ ನೀರಲ್ಲಿ ತೊಳ್ಕೋತೀರಿ?"

ಮುನಿಕೃಷ್ಣಮ್ಮ ಅಲ್ಲೇ ನಿಂತಳು.

"ನಾನು ಬೇಡ ಅಂತ ಹೇಳಿದ್ದು ಎರಡು ದಿನಕ್ಕಲ್ಲ, ಮೂರನೇ ದಿನಕ್ಕೆ. ಮನೆ ಸೊಸೆ ಮಾತು ಅಂತ ಕಿವಿಗೇ ಹಾಕ್ಕೊಳ್ಳಲಿಲ್ಲ. ಅಲ್ಲಿ ಬಿಟ್ಟಿ ಚಾಕರಿ ಮಾಡೋಕೆ ಮೈಯಲ್ಲಿ ಶಕ್ತಿ ಇದೆ, ಇಲ್ಲಿ ಒಂದು ವಾಲ್ ತಿರುಗಿಸೋಕಿಲ್ಲ."

"ಬಿಟ್ಟಿ ಅಲ್ಲ ಅದು."

"ಮತ್ತೇನು? ಎಷ್ಟು ಕೊಡ್ತಾರೆ ಹೇಳಿ."

"ನಿಮ್ಮಾವನ ರಕ್ತ ತೊಳೀತಾರಲ್ಲ, ಅದು ಆ ಅಂಗಡಿ ದುಡ್ಡು!" ಮುನಿಕೃಷ್ಣಮ್ಮನ ಧ್ವನಿ ಎಂದೂ ಇಲ್ಲದಷ್ಟು ಏರಿತ್ತು. "ಅವರು ವಾರಕ್ಕೆ ಮೂರು ದಿನ ತೊಳೆದ್ರೆ ನಾನೂ ಮೂರು ದಿನ ಬಗ್ಬೇಕು. ಮುಯ್ಯಾಳು ಅದು. ನಾನು ಓಗ್ದಿದ್ರೆ ನಾಳೆ ಅವರು ಇಲ್ಲ ಅಂದ್ರೆ ಏನ್ ಮಾಡ್ತೀಯ?"

ಹಜಾರದ ಮಂಚ ಕಿರುಗುಟ್ಟಿತು. ಮುನಿವೆಂಕಟಯ್ಯ ಎದ್ದು ಕೂತಿದ್ದರು.

"ಗೋಕುಲ."

"ಅಪ್ಪ."

"ಸರ್ಕಾರದ ಕಾರ್ಡಲ್ಲಿ ಆಗ್ತಾ ಐತೆ ಅಂದ್ಯಲ್ಲೋ. ಕಂದಾಯ ಕಟ್ಟಿದ್ದು ವಾಪಸ್ ಬರ್ತಾ ಐತೆ ಅನ್ಕೊ ಅಂತ ನೀನೇ ಅಂದಿದ್ದೆ."

ಗೋಕುಲ್ ಒಂದು ಷೂ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ. "ಕಾರ್ಡಿನ ಕೆಲಸ ಇನ್ನೂ ಮುಗಿದಿಲ್ಲಪ್ಪ. ನಿಂಗೆ ಕಾಯೋಷ್ಟು ಟೈಮ್ ಇರ್ಲಿಲ್ಲ. ಯಾರೋ ಹೇಳಿದ್ರು, ಅಲ್ಲಿ ಹೋದ್ವಿ. ನಿಂಗೆ ಹೇಳಿದ್ರೆ ಬರಲ್ಲ ಅಂತ ಗೊತ್ತಿತ್ತು."

"ಈ ಮನೆ ಬಾಗಿಲಿಗೆ ಬಂದೋರಿಗೆ ಮೊರ ತುಂಬ ರಾಗಿ ಸುರಿದವರು ನಮ್ಮಪ್ಪ. ನಾನು ಧರ್ಮದ ಹಾಸಿಗೆ ಮೇಲೆ ಮಲ್ಕೊಂಡು ಬರ್ತಿದ್ನಾ ಎಂಟು ತಿಂಗಳಿಂದ?" ಹೆಂಡತಿಯ ಕಡೆ ತಿರುಗಿದರು. "ನೀನು ಯಾರೋ ಉಟ್ಟ ಸೀರೆ ಒದರಿ ಮಡಚಿ, ಅದರಲ್ಲಿ ನನ್ನ ಉಸಿರು ನಡೆಸ್ತಿದ್ದೀಯ. ನಂಗೆ ಬ್ಯಾಡ. ನಾಳೆಯಿಂದ ಆಟೋ ಕರೀಬ್ಯಾಡಿ."

ಸಿಟ್ಟಿನಲ್ಲಿ ಹೇಳಿದ ಮಾತು, ಬೆಳಗಾದರೆ ಇಳಿಯುತ್ತದೆ ಎಂದುಕೊಂಡರು ಎಲ್ಲರೂ. ಇಳಿಯಲಿಲ್ಲ. ಮಂಗಳವಾರ ಏಳು ಗಂಟೆಗೆ ಆಟೋ ಬಂದು ಗೇಟಿನ ಮುಂದೆ ಹಾರ್ನ್ ಮಾಡಿತು. ಹೊದಿಕೆ, ಬಿಸ್ಕತ್ತು, ಫೈಲು ಇದ್ದ ಚೀಲ ಹಿಡಿದು ಮುನಿಕೃಷ್ಣಮ್ಮ ಬಾಗಿಲಲ್ಲಿ ನಿಂತಿದ್ದಳು. ಮುನಿವೆಂಕಟಯ್ಯ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅರ್ಧ ಗಂಟೆ ಕಾದು ಆಟೋ ಹೋಯಿತು.

ಬುಧವಾರ ಮುನಿಕೃಷ್ಣಮ್ಮ ಮತ್ತೆ ಸೆರಗು ಬಿಗಿದಾಗ ರಮಾಗೆ ನಂಬಲಾಗಲಿಲ್ಲ. "ಅವರೇ ಹೋಗ್ತಿಲ್ಲ. ನೀವು ಇನ್ಯಾಕೆ?"

"ಆ ಕಡೆಯೋರು ತಪ್ಪಿಲ್ವಲ್ಲಮ್ಮ. ನಾವು ತಪ್ಪಬಾರದು."

ಗುರುವಾರವೂ ಆಟೋ ಖಾಲಿ ಹೋಯಿತು. ಅಷ್ಟರಲ್ಲಿ ಅವರ ಕಾಲು ಊದಿತ್ತು. ನಂದಿತಾ ಕೂತು ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿ ನೋಡಿದಳು. ಗುಳಿ ಬಿದ್ದದ್ದು ಬಹಳ ಹೊತ್ತು ತುಂಬಿಕೊಳ್ಳಲಿಲ್ಲ. ಮಲಗಿದರೆ ಉಸಿರು ಸಿಗದೆ ಮೂರು ದಿಂಬು ಇಟ್ಟುಕೊಂಡು ಕೂತೇ ಇರುತ್ತಿದ್ದರು. ಗೋಕುಲ್ ಕಾಲು ಹಿಡಿದುಕೊಂಡ. ಬೇರೆ ಆಸ್ಪತ್ರೆಗೆ ದುಡ್ಡು ಕೊಟ್ಟೇ ಹೋಗೋಣ ಎಂದ.

"ಎಷ್ಟು ತಿಂಗಳು ಕೊಡ್ತೀಯ?" ಎಂದು ಕೇಳಿದರು ಮುನಿವೆಂಕಟಯ್ಯ. "ಸುಮ್ನಿರು ಮಗಾ. ನಾನೇನು ಸಣ್ಣ ವಯಸ್ಸಿನವನಾ."

ಶುಕ್ರವಾರ ಬೆಳಗ್ಗೆ ಮುನಿಕೃಷ್ಣಮ್ಮನಿಗೆ ಜ್ವರ ಬಂದಿತ್ತು. ಆದರೂ ಗೋಡೆ ಹಿಡಿದು ಎದ್ದಳು. ರಮಾ ಭುಜ ಹಿಡಿದು ಕೂರಿಸಿದಳು. "ಮಲ್ಕೊಳ್ಳಿ. ನಾನೇ ಹೋಗಿ ಹೇಳ್ಬರ್ತೀನಿ."

"ಬರೀ ಏಳಿ ಬರೋದಲ್ಲ ಕಣೇ. ಮನೆಯಿಂದ ಒಂದಾಳು ಓಗ್ಬೇಕು."

ರಮಾ ಸ್ಕೂಲಿಗೆ ರಜೆ ಹೇಳಿ ಸಂಜಯನಗರದ ಬಸ್ಸು ಹತ್ತಿದಳು. ಕೆಲಸ ಮಾಡುವ ಮನಸ್ಸು ಅವಳಿಗಿರಲಿಲ್ಲ. ಅತ್ತೆ ಬರದಿದ್ದರೆ ಚಿಕಿತ್ಸೆ ನಿಲ್ಲಿಸುತ್ತೀರಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಬೇಕಿತ್ತು. ಕೇಳಿಯೇಬಿಟ್ಟಳು.

ಅಮೀನಾ ಕೈಯಲ್ಲಿದ್ದ ಬೆಲೆ ಚೀಟಿ ಅಂಟಿಸುವುದನ್ನು ನಿಲ್ಲಿಸಿ ನೋಡಿದರು. "ಯಾವ ಚಿಕಿತ್ಸೆಮ್ಮ?"

"ನಮ್ಮಾವಂಗೆ. ಹೆಬ್ಬಾಳದಲ್ಲಿ. ಡಯಾಲಿಸಿಸ್."

"ಅಜ್ಜಿ ಯಜಮಾನರಿಗಾ? ಅಲ್ಲಾ, ಎಂಟು ತಿಂಗಳಿಂದ ಬರ್ತಾರೆ, ಒಂದಿನ ಬಾಯಿಬಿಟ್ಟು ಹೇಳ್ಲಿಲ್ವಲ್ಲ!" ಅಮೀನಾ ಸ್ಟೂಲಿನ ಮೇಲೆ ಕೂತರು. "ಅಲ್ಲಿ ಯಾರಿಗೆ ಮಾಡ್ತಾರೆ ಅಂತ ನಮಗೆ ಹೆಸರೇ ಬರಲ್ಲಮ್ಮ. ದುಡ್ಡು ಹೋಗುತ್ತೆ, ಅಷ್ಟೇ. ಅಜ್ಜಿ ಬಂದ್ರೂ ಅಷ್ಟೇ, ಬರ್ದಿದ್ರೂ ಅಷ್ಟೇ, ಯಾರ ಮೆಷಿನ್ನೂ ನಿಲ್ಲಲ್ಲ. ಇದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ."

"ಅವರು ದಿನಕ್ಕೆ ದಿನ ಲೆಕ್ಕ ಇಟ್ಕೊಂಡಿದ್ದಾರೆ."

"ಅದಕ್ಕೇ ಇರ್ಬೇಕು. ಬಂದ ತಕ್ಷಣ ಕೇಳ್ತಾರೆ, 'ಇವತ್ತು ಊಟಕ್ಕೆ ಏನು ಹಾಕ್ತೀಯ' ಅಂತ. ನಾನು ಅಜ್ಜಿ ತಮಾಷೆ ಮಾಡ್ತಾರೆ ಅಂದ್ಕೊಂಡಿದ್ದೆ."

ಇಷ್ಟು ಸಾಕಾಗಿತ್ತು ರಮಾಗೆ. ಇದನ್ನು ಹೋಗಿ ಹೇಳಿದರೆ ಅತ್ತೆಯ ಓಡಾಟ ನಿಲ್ಲುತ್ತದೆ, ಸೋಮವಾರದ ನೀರು ಸಿಗುತ್ತದೆ. ನಮಸ್ಕಾರ ಹೇಳಿ ಮೆಟ್ಟಿಲಿಳಿದು ಬಸ್ ಸ್ಟಾಪಿನವರೆಗೆ ನಡೆದಳು. ಎರಡು ಬಸ್ಸು ಬಂದು ಹೋದವು. ಮೂರನೆಯದಕ್ಕೂ ಹತ್ತಲಿಲ್ಲ. ಮುಯ್ಯೂ ಅಲ್ಲ, ಏನೂ ಅಲ್ಲ, ಬರೀ ಧರ್ಮ ಎಂದು ತಾನೇ ಬಾಯಾರೆ ಹೇಳಿದ ಮೇಲೆ ಮಾವ ಆ ಮಂಚದಿಂದ ಏಳುವುದುಂಟೇ?

ಹದಿನೈದು ನಿಮಿಷದ ಮೇಲೆ ಅವಳು ಅಂಗಡಿಗೆ ವಾಪಸು ಬಂದದ್ದನ್ನು ಕಂಡು ಅಮೀನಾ, "ಏನಾದ್ರೂ ಮರೆತ್ರಾ?" ಎಂದರು.

"ಸೀರೆ ಎಲ್ಲಿವೆ?" ಎಂದಳು ರಮಾ. ಕಿಟಕಿಯ ಹತ್ತಿರ ಅತ್ತೆ ಕೂರುವ ಚಾಪೆಯ ಮೇಲೆ ಕೂತು ಗಂಟು ಬಿಚ್ಚಿದಳು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದಳು: "ಇವತ್ತು ಊಟಕ್ಕೆ ಏನು ಹಾಕ್ತೀರ?"

ಆ ಸಂಜೆ ಮಾವನಿಗೆ ಅವಳೇ ತಟ್ಟೆ ಇಟ್ಟಳು. ಬೇಯಿಸಿ ಬಸಿದ ಹೀರೇಕಾಯಿ, ಎರಡು ಚಪಾತಿ. ಅವರು ಮುಟ್ಟಲಿಲ್ಲ. ರಮಾ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಮಾವ, ನಂದು ದೊಡ್ಡಬಳ್ಳಾಪುರದ ಕಡೆ. ನಮ್ಮೂರಲ್ಲೂ ಮುಯ್ಯಾಳಿತ್ತು. ಒಂದು ಮಾತು ಕೇಳ್ಲಾ?"

"ಕೇಳು."

"ನಾವು ಹೋಗಿ ಅವರ ಹೊಲ ಕುಯ್ದು ಬಂದಿರ್ತೀವಿ. ಅವರು ನಮ್ಮ ಹೊಲಕ್ಕೆ ಬಂದು ನಿಂತ್ರೆ, ನೀವು ಬೇಡ, ವಾಪಸ್ ಹೋಗಿ ಅನ್ನಬಹುದಾ?"

"ಅಂಗನ್ನೋಕಾಗಲ್ಲ. ಅವರ ಮನೆಗೆ ಅವಮಾನ."

"ಸೋಮವಾರ, ಬುಧವಾರ ಅತ್ತೆ ಹೋಗಿದ್ರು. ಇವತ್ತು ಅವರಿಗೆ ಜ್ವರ, ನಾನು ಹೋಗಿದ್ದೆ. ಈ ವಾರ ಮೂರು ಆಳು ನಮ್ಮನೆಯಿಂದ ಹೋಗಿದೆ. ಅವರು ಮಂಗಳವಾರ ಮೆಷಿನ್ ಖಾಲಿ ಇಟ್ಕೊಂಡು ಕಾದ್ರು. ಗುರುವಾರ ಕಾದ್ರು. ಎರಡು ಸಲ ಬಾಗಿಲಿಂದ ಕಳಿಸಿದೀರ."

ಮುನಿವೆಂಕಟಯ್ಯ ದಿಂಬಿಗೆ ಒರಗಿ ಉಸಿರೆಳೆದುಕೊಂಡರು. ಒಳಗೆ ಮಲಗಿದ್ದ ಮುನಿಕೃಷ್ಣಮ್ಮನ ಕೆಮ್ಮು ಕೇಳಿಸಿತು.

"ನೀನು ಓಗಿದ್ದಾ?"

"ಹೂಂ ಮಾವ. ಇಡೀ ದಿನ. ಮೂವತ್ತೆರಡು ಸೀರೆ."

"ಊಟ ಆಕಿದ್ರಾ?"

ರಮಾ ಅವರ ಮುಖ ನೋಡಿದಳು. ಅವರು ಕೇಳುತ್ತಿದ್ದದ್ದು ಊಟವನ್ನಲ್ಲ ಎಂದು ಅವಳಿಗೆ ತಿಳಿಯಿತು. "ಆಕಿದ್ರು ಮಾವ. ಚಿತ್ರಾನ್ನ. ಅವರ ಡಬ್ಬೀಲಿ ಅರ್ಧ ನಂಗೆ."

ಅವರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

ಶನಿವಾರ ಆಟೋದಲ್ಲಿ ರಮಾಳೇ ಜೊತೆಗೆ ಹೊರಟಳು. ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮುನಿವೆಂಕಟಯ್ಯ ಹೇಳಿದರು: "ಸೋಮವಾರ ನೀರು ನಾನು ಇಡೀತೀನಿ. ವಾಲ್ ತಿರುಗ್ಸೋಕೆ ಒಂದು ಕೈ ಸಾಕು."

"ಬಗ್ಬೇಕಾಗುತ್ತೆ ಮಾವ."

"ಸ್ಟೂಲ್ ಆಕ್ಕೊಂಡು ಕೂರ್ತೀನಿ. ನಿಮ್ಮತ್ತೆ ನಿಶ್ಚಿಂತೆಯಾಗಿ ಓಗ್ಲಿ."

ಕೇಂದ್ರದಲ್ಲಿ ನರ್ಸಮ್ಮ ತೂಕ ನೋಡಿ ಬೈದರು, ಡಾಕ್ಟರು ಬಂದು ಇನ್ನೊಂದಿಷ್ಟು ಬೈದರು. ಆಮೇಲೆ ಎಡಗೈಗೆ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಕೂಡಿಸಿದರು. ಕೊಳವೆಯಲ್ಲಿ ರಕ್ತ ಹೋಗಿ ಬರತೊಡಗಿತು. ಅಷ್ಟೂ ದಿನ ಅತ್ತೆ ಕೂರುತ್ತಿದ್ದ ಜಾಗದಲ್ಲಿ ರಮಾ ಕೂತಳು. ಎರಡು ಗಂಟೆಯಾಗುವ ಹೊತ್ತಿಗೆ ಮಾವನ ಉಸಿರು ಹಗುರಾಗಿತ್ತು.

ಪಕ್ಕದ ಹಾಸಿಗೆಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಮಲಗಿದ್ದ. ಹೆಸರು ಮುರುಗೇಶ್, ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದವನು. ಈಗ ಹೊರಲಾಗುವುದಿಲ್ಲ. ಒಬ್ಬನೇ ಬಸ್ಸಿನಲ್ಲಿ ಬರುತ್ತಾನೆ, ಒಬ್ಬನೇ ಹೋಗುತ್ತಾನೆ ಎಂದು ಮುನಿವೆಂಕಟಯ್ಯ ಮೆಲ್ಲಗೆ ಹೇಳಿದರು.

"ಮನೆ ಕಡೆ ಯಾರೂ ಇಲ್ವಾ ಮಾವ?"

"ಯಾರೂ ಇಲ್ಲ. ಮಂಡಿ ಪಕ್ಕದ ಶೆಡ್ಡಲ್ಲಿ ಮಲ್ಕೋತಾನೆ." ಮತ್ತೆ ಆ ಹಾಸಿಗೆಯ ಕಡೆ ನೋಡಿ ಕೇಳಿದರು: "ರಮಾ, ಇವನ ಕಡೆಯಿಂದ ಅಂಗಡಿಗೆ ಯಾರು ಓಗ್ತಾರೆ?"

ರಮಾ ಕೈಯಲ್ಲಿದ್ದ ಫೈಲಿನ ಅಂಚನ್ನು ಸರಿಪಡಿಸಿದಳು. ಯಾರೋ ಹೋಗುತ್ತಾರೆ ಎಂದುಬಿಡಬಹುದಿತ್ತು.

"ಯಾರೂ ಹೋಗಲ್ಲ ಮಾವ."

"ಅಂಗಾದ್ರೆ ಇವನನ್ನ ಬಿಟ್ಟಾಕ್ತಾರಾ?"

"ಇಲ್ಲ ಮಾವ. ಬಿಡಲ್ಲ."

ಮುನಿವೆಂಕಟಯ್ಯ ಸೊಸೆಯ ಮುಖವನ್ನೇ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ಆದರೆ ಕಣ್ಣು ತುಂಬಿಬಂದಿತ್ತು. ಅವಳ ನೋಟ ಅವರ ಬಲಗೈಯ ಮೇಲೆ ನಿಂತಿತ್ತು. ಆ ಕೈ ಎದ್ದು ಕೊಳವೆಯ ಕಡೆ ಹೋದರೆ ನರ್ಸಮ್ಮನನ್ನು ಕೂಗಬೇಕು. ಕೈ ಏಳಲಿಲ್ಲ. ಯಂತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಸಾಲು ಹಾಸಿಗೆಗಳ ಮೇಲೆ ಹತ್ತು ಜನ ಹತ್ತು ಊರಿನವರು ಕಣ್ಣು ಮುಚ್ಚಿ ಮಲಗಿದ್ದರು.

"ನಿಮ್ಮತ್ತೆಗೆ ಏಳಿದ್ದೀಯಾ?" ಎಂದು ಕೇಳಿದರು ಕೊನೆಗೆ.

"ಇಲ್ಲ."

"ಏಳ್ಬ್ಯಾಡ. ಅವಳು ನೆಮ್ಮದಿಯಾಗಿ ಓಗ್ತಾಳೆ." ಮತ್ತೆ ಪಕ್ಕದ ಹಾಸಿಗೆಯ ಕಡೆ ತಿರುಗಿದರು. ಮುರುಗೇಶ್ ಬಾಯಿ ತೆರೆದು ನಿದ್ದೆ ಹೋಗಿದ್ದ. ಮೂಟೆ ಹೊತ್ತು ಬಾಗಿದ ಭುಜ ಮಲಗಿದಾಗಲೂ ನೆಟ್ಟಗಾಗಿರಲಿಲ್ಲ. "ಕೂತ್ಕೊಂಡು ಮಾಡೋ ಕೆಲಸ ಏನಾದ್ರೂ ಐತಾ ಅಲ್ಲಿ?"

"ಇದೆ ಮಾವ. ಷರ್ಟಿಗೆ ಗುಂಡಿ ಇದ್ಯಾ ಇಲ್ವಾ ನೋಡ್ಬೇಕು. ಪುಸ್ತಕ ಜೋಡಿಸ್ಬೇಕು."

"ಬುಧವಾರ ಅವಳ ಜೊತೆ ನಾನೂ ಬರ್ತೀನಿ ಅನ್ನು ಆ ಅಂಗಡಿ ಅಮ್ಮಂಗೆ. ಎರಡಾಳು. ಒಂದು ನಮ್ಮನೇದು."

"ಇನ್ನೊಂದು?"

ಮುನಿವೆಂಕಟಯ್ಯ ಉತ್ತರ ಹೇಳುವ ಮೊದಲು, ಸೂಜಿಯಿಲ್ಲದ ಕೈಯನ್ನು ಚಾಚಿ, ಪಕ್ಕದ ಹಾಸಿಗೆಯಿಂದ ಜಾರುತ್ತಿದ್ದ ಹೊದಿಕೆಯ ಅಂಚನ್ನು ಹಿಡಿದರು. ಅಷ್ಟು ದೂರಕ್ಕೆ ಎತ್ತಿ ಹಾಕಲು ಅವರಿಗೆ ಆಗಲಿಲ್ಲ. ರಮಾ ಎದ್ದು ಬಂದು ಆ ಅಂಚನ್ನು ತೆಗೆದುಕೊಂಡು ಮುರುಗೇಶನ ಕಾಲು ಮುಚ್ಚಿದಳು.

"ಇನ್ನೊಂದು ಇವನದು," ಎಂದರು ಅವರು.